ಬಿಟ್ಟದ್ದರ ಪಟ್ಟಿ

“ಡಾಕ್ಟರ್ ಓದಿ ಮುಗೀತಲ್ಲ ತಂಗಿ, ಮತ್ತೆಂತ ಪರೀಕ್ಷೆ?”

ಜಾಲಿಯಲ್ಲಾಗಲಿ, ಅದರ ಮಗ್ಗುಲಿನ ಭಟ್ಕಳ ಪೇಟೆಯಲ್ಲಾಗಲಿ, ಹೊನ್ನಾವರ, ಕುಮಟಾ ಕಡೆಯಲ್ಲಾಗಲಿ, ಹೊರದೇಶದಲ್ಲಿ ವೈದ್ಯಕೀಯ ಓದಿ ಊರಿಗೆ ಮರಳಿದ ಮಕ್ಕಳಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಕೇಳುವವರದ್ದೂ ತಪ್ಪಲ್ಲ. ರಷ್ಯಾಕ್ಕೋ ಚೀನಾಕ್ಕೋ ಜಾರ್ಜಿಯಾಕ್ಕೋ ಕಿರ್ಗಿಸ್ತಾನಕ್ಕೋ ಹೋಗಿ, ಆರು ವರ್ಷ ಕಳೆದು, ಹೆಸರಿನ ಮುಂದೆ ‘ಡಾ.’ ಎಂದು ಬರೆದುಕೊಳ್ಳುವ ಆಸೆ ಹೊತ್ತು ಬಂದವರು ಎಸ್ಸೆಸ್ಸೆಲ್ಸಿ ಮಕ್ಕಳಂತೆ ಗೋಡೆಗೆ ಟೈಮ್‌ಟೇಬಲ್ ಅಂಟಿಸಿಕೊಂಡು ಕೂತರೆ ನೆರೆಹೊರೆಯವರಿಗೆ ಸೋಜಿಗವಾಗದೆ ಇನ್ನೇನಾಗಬೇಕು?

ಕಾನೂನಿನ ಉತ್ತರ ಸರಳವಾಗಿದೆ. 2002ರ ಮಾರ್ಚ್ 15ರ ನಂತರ ಹೊರದೇಶದಲ್ಲಿ ವೈದ್ಯ ಪದವಿ ಪಡೆದ ಭಾರತೀಯರು ಇಲ್ಲಿ ವೃತ್ತಿ ಮಾಡಬೇಕಾದರೆ ಎಫ್‌ಎಂಜಿಇ ಎಂಬ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ವೈದ್ಯಕೀಯ ಪರೀಕ್ಷೆಗಳ ನ್ಯಾಷನಲ್ ಬೋರ್ಡ್ ಇದನ್ನು ವರ್ಷಕ್ಕೆ ಎರಡು ಸಲ ನಡೆಸುತ್ತದೆ. ಒಂದು ಜೂನ್ ಅವಧಿಯದು, ಇನ್ನೊಂದು ಡಿಸೆಂಬರಿನದು. ಒಟ್ಟು 300 ಪ್ರಶ್ನೆ. ಎರಡು ಭಾಗ, ಒಂದೊಂದಕ್ಕೂ 150 ಪ್ರಶ್ನೆ, 150 ನಿಮಿಷ. 150 ಉತ್ತರ ಸರಿಯಾದರೆ ಪಾಸು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಎಷ್ಟು ಸಲ ಬೇಕಾದರೂ ಬರೆಯಬಹುದು. ಇಷ್ಟೆಲ್ಲ ಸಡಿಲವಿದ್ದೂ ಎಷ್ಟೋ ಸಲ ಪಾಸಾಗುವವರು ಐವರಲ್ಲಿ ಒಬ್ಬರ ಆಸುಪಾಸು. 2023ರ ಜೂನ್ ಅವಧಿಯಲ್ಲಂತೂ ಹತ್ತರಲ್ಲಿ ಒಬ್ಬರಷ್ಟೇ ದಡ ಸೇರಿದರು. ಇದರ ಜಾಗದಲ್ಲಿ ದೇಶದೊಳಗೆ ಓದಿದವರಿಗೂ ಹೊರಗೆ ಓದಿದವರಿಗೂ ಒಂದೇ ಆದ ‘ನೆಕ್ಸ್ಟ್’ ಪರೀಕ್ಷೆ ತರಬೇಕೆಂದು 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆ ಹೇಳಿತು. ಅದು ಮುಂದಕ್ಕೆ ಹೋಗುತ್ತಲೇ ಬಂದಿದೆ.

ಇಷ್ಟಾದರೂ “ಮತ್ತೆಂತ ಪರೀಕ್ಷೆ?” ಎಂಬ ಮಾತು ಮನಸ್ಸಿನಿಂದ ಹೋಗುವುದಿಲ್ಲ. ಅನಾಟಮಿಯಿಂದ ಸರ್ಜರಿಯವರೆಗೆ ಎಲ್ಲವನ್ನೂ ಒಮ್ಮೆ ಓದಿ, ಬರೆದು, ಪಾಸಾಗಿ ಬಂದವರಿಂದ ಇನ್ನೇನನ್ನು ಪರೀಕ್ಷಿಸಿ ತಿಳಿಯಬೇಕು? ನನಗನ್ನಿಸುವುದು, ಆ ಪರೀಕ್ಷೆಯ ಒಂದು ಮುಖ್ಯ ಭಾಗ ಹಾಲ್ ಟಿಕೆಟ್ ಬರುವುದಕ್ಕೂ ಬಹಳ ಮೊದಲೇ, ಮನೆಯ ಮೇಜಿನ ಮೇಲೆ ಟೈಮ್‌ಟೇಬಲ್ ಬರೆಯುವ ಹೊತ್ತಿಗೇ ಶುರುವಾಗುತ್ತದೆ. ಅದಕ್ಕೆ ಅಂಕ ಕೊಡುವವರು ಯಾರೂ ಇಲ್ಲ ಅಷ್ಟೇ.

ಆ ಕಾಗದವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಪರೀಕ್ಷೆಗೆ ಆರು ತಿಂಗಳಿದೆ ಎಂದುಕೊಳ್ಳಿ. ಸುಮಾರು 180 ದಿನ. ಈ ಓದಿನವರು ಮಾತಿಗೊಮ್ಮೆ ಹೇಳುವ ‘ನೈನ್‌ಟೀನ್ ಸಬ್ಜೆಕ್ಟ್ಸ್’ ಮುಂದಿವೆ. ಪ್ರಶ್ನೆಗಳ ಸ್ಥೂಲ ಹಂಚಿಕೆ ಎಲ್ಲರಿಗೂ ಬಾಯಿಪಾಠ: ಮೆಡಿಸಿನ್ 33, ಸರ್ಜರಿ 32, ಓಬಿಜಿ ಅಂದರೆ ಹೆರಿಗೆ ಮತ್ತು ಸ್ತ್ರೀರೋಗ 30, ಪಿಎಸ್‌ಎಂ ಅಂದರೆ ಸಮುದಾಯ ವೈದ್ಯಶಾಸ್ತ್ರ 30. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿಗೆ ತಲಾ 17. ಪೆಥಾಲಜಿ, ಮೈಕ್ರೋಬಯಾಲಜಿ, ಫಾರ್ಮಕಾಲಜಿಗೆ ತಲಾ 13. ಮಕ್ಕಳ ವಿಭಾಗ, ಕಣ್ಣು, ಕಿವಿ-ಮೂಗು-ಗಂಟಲಿಗೆ ತಲಾ 15. ಫೊರೆನ್ಸಿಕ್ 10. ಮನೋರೋಗ, ಚರ್ಮ, ಅರಿವಳಿಕೆ, ಮೂಳೆಯಂಥವಕ್ಕೆ ಐದೈದು.

180 ದಿನವನ್ನು 300 ಪ್ರಶ್ನೆಗೆ ಹಂಚಿದರೆ ಒಂದು ಪ್ರಶ್ನೆಯ ಪಾಲಿಗೆ ಅರ್ಧ ದಿನಕ್ಕಿಂತ ತುಸು ಹೆಚ್ಚು ಸಿಗುತ್ತದೆ. ಮೆಡಿಸಿನ್‌ಗೆ 20 ದಿನ, ಅನಾಟಮಿಗೆ 10, ಮನೋರೋಗಕ್ಕೆ 3. ಓದಿದ್ದನ್ನು ಮತ್ತೆ ತಿರುವಿಹಾಕದೆ ಪರೀಕ್ಷೆಗೆ ಹೋಗುವವರು ಯಾರೂ ಇಲ್ಲ. ರಿವಿಜನ್‌ಗೂ ಮಾದರಿ ಪರೀಕ್ಷೆಗಳಿಗೂ ಅರ್ಧ ದಿನಗಳನ್ನು ಎತ್ತಿಟ್ಟರೆ ಮೆಡಿಸಿನ್‌ಗೆ ಉಳಿಯುವುದು 10 ದಿನ, ಅನಾಟಮಿಗೆ 5. ಅನಾಟಮಿ ಪುಸ್ತಕವನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿದು ನೋಡಿದವರಿಗೆ ಈ ಲೆಕ್ಕ ನಗು ತರಿಸುತ್ತದೆ, ಬೆನ್ನಿಗೇ ಭಯವನ್ನೂ ತರುತ್ತದೆ. ಇಡೀ ವರ್ಷ ಶವದ ಮುಂದೆ ನಿಂತು ಕಲಿತದ್ದು ಐದು ದಿನದ ಚೌಕದೊಳಗೆ ಹಿಡಿಸುವುದು ಹೇಗೆ?

ಹಿಡಿಸುವುದಿಲ್ಲ. ಟೈಮ್‌ಟೇಬಲ್ ಹೇಳುವ ಮೊದಲ ಸತ್ಯವೇ ಅದು. ಏನೇನು ಓದುತ್ತೇನೆ ಎಂದು ಬರೆಯಲು ಕೂತವರು ಕೆಲವೇ ನಿಮಿಷಗಳಲ್ಲಿ ಏನೇನು ಬಿಡುತ್ತೇನೆ ಎಂದು ತೀರ್ಮಾನಿಸಬೇಕಾಗುತ್ತದೆ. ಮೊದಲನೆಯದನ್ನು ಬಣ್ಣದ ಪೆನ್ನಿನಲ್ಲಿ ಬರೆದು ಗೋಡೆಗೆ ಅಂಟಿಸುತ್ತೇವೆ. ಎರಡನೆಯದು ಎಲ್ಲೂ ದಾಖಲಾಗುವುದಿಲ್ಲ.

ಇಲ್ಲಿ ನ್ಯಾಯವಾದ ಒಂದು ಅನುಮಾನ ಏಳುತ್ತದೆ. ಮುನ್ನೂರರಲ್ಲಿ ನೂರೈವತ್ತು ಸಾಕು ಎನ್ನುವುದಾದರೆ ಅರ್ಧ ಗೊತ್ತಿರುವವರ ಕೈಗೆ ನಾವು ಜೀವ ಒಪ್ಪಿಸುತ್ತಿದ್ದೇವೆಯೇ? ಬಾವಿ ಕಟ್ಟುವವನು ಅರ್ಧ ಕಟ್ಟಿದರೆ ದುಡ್ಡು ಕೊಡುವುದಿಲ್ಲ ನಾವು. ವೈದ್ಯರಿಗೆ ಮಾತ್ರ ಯಾಕೆ ಈ ರಿಯಾಯಿತಿ?

ಲೈಸೆನ್ಸ್ ಪರೀಕ್ಷೆಗೂ ರ‍್ಯಾಂಕ್ ಪರೀಕ್ಷೆಗೂ ಇರುವ ವ್ಯತ್ಯಾಸದಲ್ಲಿ ಉತ್ತರದ ಒಂದು ತುದಿ ಸಿಗುತ್ತದೆ. ಯಾರು ಯಾರಿಗಿಂತ ಮೇಲು ಎಂದು ರ‍್ಯಾಂಕ್ ಹೇಳಬೇಕು. ಇಷ್ಟಕ್ಕಿಂತ ಕೆಳಗಿದ್ದರೆ ಅಪಾಯ ಎಂಬ ಗೆರೆಯನ್ನು ಎಳೆಯುವುದಷ್ಟೇ ಲೈಸೆನ್ಸಿನ ಕೆಲಸ. ಅಮೆರಿಕದಲ್ಲಿ ಇದೇ ಗೊಂದಲ ಬಹಳ ಕಾಲ ನಡೆಯಿತು. ಅಲ್ಲಿನ ಯುಎಸ್‌ಎಂಎಲ್‌ಇ ಪರೀಕ್ಷೆಯ ಮೊದಲ ಹಂತದಲ್ಲಿ ಮೂರಂಕಿಯ ಸ್ಕೋರ್ ಕೊಡುತ್ತಿದ್ದರು. ಆಸ್ಪತ್ರೆಗಳು ಆ ಸ್ಕೋರನ್ನೇ ಹಿಡಿದು ತರಬೇತಿಗೆ ಆಯ್ಕೆ ಮಾಡುತ್ತಿದ್ದವು. ಲೈಸೆನ್ಸಿಗೆಂದು ಹುಟ್ಟಿದ ಪರೀಕ್ಷೆ ಓಟದ ಪಂದ್ಯವಾಗಿಬಿಟ್ಟಿತು, ವಿದ್ಯಾರ್ಥಿಗಳು ವಾರ್ಡುಗಳನ್ನು ಬಿಟ್ಟು ಪ್ರಶ್ನೆ ಬ್ಯಾಂಕುಗಳಿಗೆ ಅಂಟಿಕೊಂಡರು. ಕೊನೆಗೆ 2022ರ ಜನವರಿ 26ರಿಂದ ಆ ಹಂತಕ್ಕೆ ಪಾಸು-ಫೇಲು ಮಾತ್ರ ಎಂದಾಯಿತು. ಗೆರೆ ದಾಟಿದಿರಾ ಇಲ್ಲವಾ, ಅಷ್ಟು ಹೇಳಿದರೆ ಸಾಕು ಎಂದು ಪರೀಕ್ಷೆ ನಡೆಸುವವರೇ ಒಪ್ಪಿಕೊಂಡಂತೆ.

ಆದರೂ ‘ಅರ್ಧ’ ಎಂಬುದು ಮನಸ್ಸಿಗೆ ಚುಚ್ಚುತ್ತಲೇ ಇರುತ್ತದೆ. ಉಳಿದರ್ಧದ ಗತಿ ಏನು? ಅದಕ್ಕೆ ಬರುವ ಮೊದಲು, ಬರೆದ ಯೋಜನೆ ಯಾಕೆ ಬರೆದಂತೆ ನಡೆಯುವುದಿಲ್ಲ ಎಂಬುದನ್ನು ನೋಡಬೇಕು.

ಕೆನಡಾದ ಮನೋವಿಜ್ಞಾನಿಗಳಾದ ರೋಜರ್ ಬ್ಯೂಲರ್, ಡೇಲ್ ಗ್ರಿಫಿನ್ ಮತ್ತು ಮೈಕೆಲ್ ರಾಸ್ 1994ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ‘ಎಷ್ಟು ದಿನದಲ್ಲಿ ಮುಗಿಸುತ್ತೀರಿ’ ಎಂದು ಕೇಳಿದಾಗ ಬಂದ ಉತ್ತರದ ಸರಾಸರಿ 33.9 ದಿನ. ‘ಎಲ್ಲವೂ ಎಷ್ಟು ಕೆಡಬಹುದೋ ಅಷ್ಟು ಕೆಟ್ಟರೆ?’ ಎಂದಾಗ 48.6 ದಿನ. ನಿಜವಾಗಿ ಹಿಡಿದದ್ದು 55.5 ದಿನ. ನಮ್ಮ ಅತ್ಯಂತ ನಿರಾಶೆಯ ಅಂದಾಜು ಕೂಡ ನಿಜಕ್ಕಿಂತ ಆಶಾವಾದಿಯಾಗಿರುತ್ತದೆ! ಸೋಮಾರಿತನದಿಂದ ಮಾತ್ರ ಹೀಗಾಗುವುದಲ್ಲ. ಯೋಜನೆ ಬರೆಯುವಾಗ ನಾವು ಕೆಲಸದ ಹೆಜ್ಜೆಗಳನ್ನು ಎಣಿಸುತ್ತೇವೆ, ಬದುಕನ್ನು ಎಣಿಸುವುದಿಲ್ಲ. ಹಿಂದಿನ ಸಲ ಏನಾಗಿತ್ತು ಎಂಬುದು ಗೊತ್ತಿದ್ದರೂ ಅದನ್ನು ಈ ಸಲದ ಲೆಕ್ಕಕ್ಕೆ ಸೇರಿಸುವುದಿಲ್ಲ.

ಜಾಲಿಯಂಥ ಊರಿನಲ್ಲಿ ಬದುಕು ಎಂದರೆ ಯಾವುದು? ನಸುಕಿನ ಅಜಾನಿನಿಂದ ರಾತ್ರಿಯ ಇಶಾ ನಮಾಜಿನವರೆಗೆ ದಿನ ಆಗಲೇ ಐದು ಕಡೆ ತುಂಡಾಗಿರುತ್ತದೆ. ಆ ಹೊತ್ತುಗಳೂ ಸೂರ್ಯನ ಜೊತೆ ದಿನದಿನ ಸರಿಯುತ್ತವೆ. ರಮ್ಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ. ಬಂದ ತಿಂಗಳಲ್ಲಿ ಸಹರಿ, ಇಫ್ತಾರ್, ತರಾವೀಹ್ ನಡುವೆ ನಿದ್ದೆಯೇ ಬೇರೆ ದಾರಿ ಹಿಡಿಯುತ್ತದೆ. ಗಲ್ಫಿನಿಂದ ರಜೆಯಲ್ಲಿ ಬಂದ ಅಣ್ಣನ ಜೊತೆ ಕೂರದೆ ಕೋಣೆಯ ಬಾಗಿಲು ಹಾಕಿಕೊಂಡರೆ ಮನೆಯವರಿಗೆ ಬೇಜಾರಾಗುತ್ತದೆ. ಆಚೆ ಮನೆಯಲ್ಲಿ ಮದುವೆ, ಈಚೆ ಮನೆಯಲ್ಲಿ ಸಾವು. ಓದುವವಳು ಹೆಣ್ಣುಮಗಳಾದರೆ, ನೆಂಟರು ಬಂದಾಗ ಟೈಮ್‌ಟೇಬಲಿನ ಯಾವ ಚೌಕದಲ್ಲೂ ಇಲ್ಲದ ಕೆಲಸ ಅಡುಗೆಮನೆಯಲ್ಲಿ ಅವಳಿಗಾಗಿ ಕಾದಿರುತ್ತದೆ. ಅಣ್ಣತಮ್ಮಂದಿರ ಆರು ತಾಸೂ ಅವಳ ಆರು ತಾಸೂ ಒಂದೇ ಅಲ್ಲ. ಜೂನ್ ಬಂದರೆ ಮಳೆ, ಮಳೆ ಬಂದರೆ ಕರೆಂಟಿಲ್ಲ, ಕರೆಂಟಿಲ್ಲದಿದ್ದರೆ ವಿಡಿಯೋ ಪಾಠವೂ ಇಲ್ಲ. 2022ರ ಆಗಸ್ಟ್ ಮೊದಲ ವಾರದಲ್ಲಿ ಭಟ್ಕಳದಲ್ಲಿ ಒಂದು ದಿನದೊಳಗೆ 500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ತೀರಿಕೊಂಡರು. ಅಂಥ ವಾರದಲ್ಲಿ ‘ಗುರುವಾರ: ಫಾರ್ಮಕಾಲಜಿ, 8 ತಾಸು’ ಎಂಬ ಸಾಲಿಗೆ ಏನರ್ಥ?

ಸಮಯ ನಮ್ಮ ಆಸ್ತಿ ಎಂದುಕೊಂಡು ಭಾಗ ಮಾಡಲು ಕೂರುತ್ತೇವೆ, ಆದರೆ ಅದು ನಮ್ಮ ಕೈಯಲ್ಲಿಲ್ಲ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆ ಚಳಗೇರಿಯ ವೈದ್ಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಸಿಕ್ಕಿ ಸತ್ತ. ವಾರಗಳ ನಂತರ ದೇಹ ಊರಿಗೆ ಬಂದಾಗ ಹೆತ್ತವರು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು, ಬೇರೆ ಮಕ್ಕಳು ಕಲಿಯಲಿ ಎಂದು. ಪರೀಕ್ಷೆಯ ಭಾಷೆಯಲ್ಲಿ ಅನಾಟಮಿ ಎಂದರೆ 17 ಪ್ರಶ್ನೆ. ಆ ಹದಿನೇಳರ ಹಿಂದೆ ಎಂಥೆಂಥವರ ಕೊಡುಗೆ ಇದೆ ಎಂಬುದನ್ನು ಯಾವ ಟೈಮ್‌ಟೇಬಲ್ ತಾನೇ ತೋರಿಸೀತು.

ಹಾಗಾದರೆ ಯೋಜನೆಯೇ ಬೇಡವೇ? ಬೇಕು. ಆದರೆ ಖಾಲಿ ದಿನಗಳಿರುವ ಯೋಜನೆ ಬೇಕು. ನಮ್ಮ ಕರಾವಳಿಗೆ ಇದು ಹೊಸ ಮಾತಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ, ಕಡಲಿನ ಅಬ್ಬರದ ಕಾಲ. ಆ ದಿನಗಳಲ್ಲಿ ಬಲೆಯ ಹರಕು ಸರಿಯಾಗುತ್ತದೆ, ಎಂಜಿನ್ ರಿಪೇರಿಯಾಗುತ್ತದೆ. ಆಗಸ್ಟಿನ ಮೀನು ಆ ಖಾಲಿ ದಿನಗಳ ಫಲವೂ ಹೌದು ಎಂಬುದು ಕಡಲಿಗೆ ಹೋಗುವ ಯಾರಿಗೂ ಹೇಳಿಕೊಡಬೇಕಾದ್ದಿಲ್ಲ. ಓದಿನ ವಾರದಲ್ಲಿ ಒಂದು ದಿನವನ್ನು ಏನೂ ಬರೆಯದೆ ಬಿಟ್ಟರೆ, ಕರೆಂಟು ಹೋದದ್ದಕ್ಕೂ ನೆಂಟರು ಬಂದದ್ದಕ್ಕೂ ಜ್ವರ ಹಿಡಿದದ್ದಕ್ಕೂ ಅದೇ ಜಾಗವಾಗುತ್ತದೆ. ಏನೂ ಆಗದಿದ್ದರೆ ಹರಕು ಹೊಲಿದುಕೊಳ್ಳಲು ಸಿಗುತ್ತದೆ.

ಹರಕಂತೂ ಇದ್ದೇ ಇರುತ್ತದೆ, ಯಾಕೆಂದರೆ ಮರೆವಿದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ತನ್ನ ಮೇಲೆ ತಾನೇ ಪ್ರಯೋಗ ನಡೆಸಿ, 1885ರಲ್ಲಿ ಮರೆವಿನ ಲೆಕ್ಕ ಬರೆದಿಟ್ಟ. ಒಂದು ತಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಸೋರಿಹೋಗುತ್ತದೆ, ಒಂದು ದಿನದಲ್ಲಿ ಉಳಿಯುವುದು ಮೂರರಲ್ಲಿ ಒಂದು ಪಾಲು, ತಿಂಗಳ ಮೇಲೆ ಐದರಲ್ಲೊಂದು. ಅರ್ಥವಿರುವ ಪಾಠ ಇಷ್ಟು ಬೇಗ ಹೋಗುವುದಿಲ್ಲ ನಿಜ. ಆದರೆ ಬಯೋಕೆಮಿಸ್ಟ್ರಿಯ ಕಿಣ್ವಗಳ ಹೆಸರುಗಳು ಅಕ್ಷರಗುಚ್ಛಗಳಿಗಿಂತ ಎಷ್ಟು ಮೇಲು ಎಂದು ಓದಿದವರನ್ನೇ ಕೇಳಬೇಕು. ಎಬ್ಬಿಂಗ್‌ಹೌಸ್ ಇನ್ನೊಂದನ್ನೂ ಕಂಡುಕೊಂಡ: ಒಂದೇ ದಿನ ಕೂತು ಉರುಹೊಡೆಯುವುದಕ್ಕಿಂತ ಬಿಡುವು ಕೊಟ್ಟು ಕೊಟ್ಟು ಓದಿದರೆ ಕಡಿಮೆ ಶ್ರಮದಲ್ಲಿ ಹೆಚ್ಚು ಉಳಿಯುತ್ತದೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಇದಕ್ಕೆ ಇನ್ನೊಂದು ಮಾತು ಸೇರಿಸಿದರು. ಓದಿದ್ದನ್ನೇ ಮತ್ತೆ ಓದಿದವರಿಗಿಂತ, ಪುಸ್ತಕ ಮುಚ್ಚಿ ನೆನಪು ಮಾಡಿಕೊಂಡು ತಮ್ಮನ್ನು ತಾವೇ ಪರೀಕ್ಷಿಸಿಕೊಂಡವರಿಗೆ ವಾರದ ನಂತರವೂ ಹೆಚ್ಚು ನೆನಪಿತ್ತು. ವಿಚಿತ್ರವೆಂದರೆ, ಮತ್ತೆ ಮತ್ತೆ ಓದಿದವರೇ ತಮಗೆ ಚೆನ್ನಾಗಿ ನೆನಪಿರುತ್ತದೆ ಎಂದು ಹೆಚ್ಚು ನಂಬಿದ್ದರು.

ಈ ಕೊನೆಯ ಮಾತಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಗೊತ್ತಿರುವುದು ಬೇರೆ, ಗೊತ್ತಿದೆ ಎಂಬ ಅನಿಸಿಕೆ ಬೇರೆ. ನೋಟ್ಸಿನ ಪುಟ ಕಣ್ಣಿಗೆ ಪರಿಚಿತವಾಗಿ ಕಂಡ ಕೂಡಲೇ ಮನಸ್ಸು ‘ಇದು ಆಯಿತು’ ಎಂದು ಗುರುತು ಹಾಕಿ ಮುಂದೆ ಹೋಗುತ್ತದೆ. ಪುಟ ಮುಚ್ಚಿ ಕೇಳಿದರೆ ಬಾಯಿ ಕಟ್ಟುತ್ತದೆ. ಮಾದರಿ ಪರೀಕ್ಷೆಯನ್ನು ಎಷ್ಟೋ ಮಂದಿ ‘ಇನ್ನೂ ಓದು ಮುಗಿದಿಲ್ಲ’ ಎಂದು ಮುಂದೂಡುವುದು ಇದಕ್ಕೇ. ಮುಗಿದಿಲ್ಲ ಎನ್ನುವುದು ನೆಪ. ಅರಿಯದ್ದು ಬಯಲಾದೀತೆಂಬ ಅಳುಕು ಒಳಗಿನ ಕಾರಣ. ಟೈಮ್‌ಟೇಬಲಿನಲ್ಲಿ ಪ್ರಾಮಾಣಿಕತೆಗೆ ಒಂದು ಜಾಗ ಇದೆಯೆಂದರೆ ಅದು ಇಲ್ಲಿ. ತನಗೆ ತಿಳಿಯದ್ದು ಯಾವುದೆಂದು ಬೇಗ ತಿಳಿದುಕೊಳ್ಳುವ ದಿನವನ್ನು ಮೊದಲ ತಿಂಗಳಲ್ಲೇ ಇಡುತ್ತೇವೋ, ಕೊನೆಯ ವಾರಕ್ಕೆ ತಳ್ಳುತ್ತೇವೋ?

ತಿಳಿಯದ್ದನ್ನು ಪರೀಕ್ಷಿಸುವ ಹಳೆಯ ಕಥೆಯೊಂದಕ್ಕಾಗಿ ಕ್ರಿ.ಶ. 931ರ ಬಾಗ್ದಾದಿಗೆ ಒಮ್ಮೆ ಹೋಗಿಬರೋಣ. ಅರಬ್ ವರ್ತಕರ ಜೊತೆ ಶತಮಾನಗಳ ನಂಟಿರುವ ಭಟ್ಕಳದವರಿಗೆ ಅದು ತೀರ ಹೊರಗಿನ ಕಥೆಯೂ ಅಲ್ಲ. ವೈದ್ಯನೊಬ್ಬನ ತಪ್ಪಿನಿಂದ ರೋಗಿ ಸತ್ತ ಸುದ್ದಿ ಅಬ್ಬಾಸಿ ಖಲೀಫ ಅಲ್ ಮುಕ್ತದಿರನ ಕಿವಿಗೆ ಬಿತ್ತು. ಆಸ್ಥಾನವೈದ್ಯ ಸಿನಾನ್ ಇಬ್ನ್ ಸಾಬಿತ್ ಪರೀಕ್ಷಿಸಿ ಒಪ್ಪಿದ ಹೊರತು ಯಾರೂ ವೈದ್ಯ ಮಾಡಕೂಡದು ಎಂದು ಖಲೀಫ ಅಪ್ಪಣೆ ಕೊಟ್ಟ. ಹೆಸರುವಾಸಿಗಳನ್ನೂ ಆಸ್ಥಾನದವರನ್ನೂ ಬಿಟ್ಟು ಸುಮಾರು 860 ಮಂದಿ ಪರೀಕ್ಷೆಗೆ ಬಂದರು. ಲೈಸೆನ್ಸ್ ಪರೀಕ್ಷೆಗಳ ಚರಿತ್ರೆಯಲ್ಲಿ ಇದು ಬಹಳ ಹಳೆಯ ದಾಖಲೆ.

ಇಬ್ನ್ ಅಲ್ ಕಿಫ್ತಿ ಎಂಬ ಚರಿತ್ರೆಕಾರ ಹೇಳುವ ಪ್ರಸಂಗವಿದು: ಆ ದಿನಗಳಲ್ಲಿ ಒಬ್ಬ ಗೌರವಸ್ಥ ಮುದುಕ ಸಿನಾನನ ಬಳಿ ಬಂದ. ಒಳ್ಳೆಯ ಉಡುಪು, ಗಂಭೀರ ಮುಖ. ದೊಡ್ಡ ವಿದ್ವಾಂಸನಿರಬೇಕೆಂದು ಸಿನಾನ್ ಆದರದಿಂದ ಕೂರಿಸಿದ. ಉಳಿದವರೆಲ್ಲ ಹೋದ ಮೇಲೆ ಮುದುಕ ನಾಣ್ಯಗಳ ಗಂಟನ್ನು ಮುಂದಿಟ್ಟು, ನನಗೆ ಓದಲು ಬರೆಯಲು ಬರುವುದಿಲ್ಲ, ಆದರೆ ಸಂಸಾರ ಇದೆ, ಹೊಟ್ಟೆಪಾಡು ಇದೇ, ತಪ್ಪಿಸಬೇಡಿ ಎಂದು ಬೇಡಿಕೊಂಡ. ಸಿನಾನ್ ನಕ್ಕ, ಒಂದು ಷರತ್ತಿನ ಮೇಲೆ ಒಪ್ಪಿದ. ಗೊತ್ತಿಲ್ಲದ ರೋಗಕ್ಕೆ ಕೈಹಾಕಕೂಡದು. ಸಣ್ಣಪುಟ್ಟ ಕಾಯಿಲೆಗಲ್ಲದೆ ರಕ್ತ ತೆಗೆಯುವುದು, ಭೇದಿಗೆ ಕೊಡುವುದು ಮಾಡಕೂಡದು. ಮುದುಕನೆಂದ: ಬದುಕಿಡೀ ನಾನು ಹಾಗೇ ಮಾಡಿದ್ದೇನೆ, ಜೇನು-ಹುಳಿಯ ಸಿಕಂಜಬೀನ್ ಮತ್ತು ಗುಲಾಬಿ ಪಾನಕ ದಾಟಿ ಯಾವತ್ತೂ ಹೋಗಿಲ್ಲ. ಮರುದಿನ ಚುರುಕಾದ ಒಬ್ಬ ಹುಡುಗ ಬಂದ. ಗುರು ಯಾರೆಂದು ಕೇಳಿದರೆ ಅದೇ ಮುದುಕ, ಅವನ ಅಪ್ಪ. ಅವರ ದಾರಿಯಲ್ಲೇ ನಡಿ, ಅದನ್ನು ಮೀರಬೇಡ ಎಂದು ಸಿನಾನ್ ಅವನನ್ನೂ ಕಳಿಸಿಕೊಟ್ಟ.

ಈ ಕಥೆಯನ್ನು ಲಂಚದ ಕಥೆಯಾಗಿ ಓದಬಹುದು, ತಮಾಷೆಯಾಗಿ ಓದಬಹುದು. ಇಂದು ಯಾವ ಬೋರ್ಡೂ ಆ ಮುದುಕನನ್ನು ಪಾಸು ಮಾಡಲಾರದು, ಮಾಡಲೂಬಾರದು. ಆದರೆ ಸಿನಾನ್ ಹಾಕಿದ ಷರತ್ತನ್ನು ನೋಡಿ. ನಿನಗೇನು ಗೊತ್ತು ಎಂಬ ಪ್ರಶ್ನೆಯಲ್ಲಿ ಸೋತವನನ್ನು ಆತ, ನಿನಗೇನು ಗೊತ್ತಿಲ್ಲ ಎಂಬುದಾದರೂ ಗೊತ್ತಿದೆಯೇ ಎಂಬ ಇನ್ನೊಂದು ಪ್ರಶ್ನೆಯಲ್ಲಿ ಪರೀಕ್ಷಿಸಿದ. ಮುದುಕ ಅದರಲ್ಲಿ ಗೆದ್ದ. ನಮ್ಮ 300 ಪ್ರಶ್ನೆಗಳು ಮೊದಲ ಪ್ರಶ್ನೆಯನ್ನು ಚೆನ್ನಾಗಿ ಕೇಳುತ್ತವೆ. ಎರಡನೆಯದನ್ನು ಕೇಳುವುದಿಲ್ಲ, ತಪ್ಪಿಗೆ ಅಂಕ ಕಳೆಯದ ಪರೀಕ್ಷೆಯಲ್ಲಿ ಗೊತ್ತಿಲ್ಲದ್ದಕ್ಕೂ ಯಾವುದಾದರೊಂದು ಉತ್ತರ ಒತ್ತಿ ಬರುವುದೇ ಜಾಣತನ. ಪರೀಕ್ಷಾ ಕೊಠಡಿಯಲ್ಲಿ ಅದು ತಪ್ಪಲ್ಲ. ಅದೇ ಚಾಳಿ ಆಸ್ಪತ್ರೆಗೆ ಬಂದರೆ ಮಾತ್ರ ಕಷ್ಟ.

ಉತ್ತರ ಕನ್ನಡದ ಕರಾವಳಿಯಲ್ಲಿ ಎರಡನೆಯ ಪ್ರಶ್ನೆಗೆ ಇನ್ನೂ ಹೆಚ್ಚು ಬೆಲೆ. ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿಲೋಮೀಟರ್. ಜಿಲ್ಲೆಯ ಸರ್ಕಾರಿ ವೈದ್ಯಕೀಯ ಕಾಲೇಜಿರುವ ಕಾರವಾರ ಅದಕ್ಕಿಂತ ದೂರ. ದೊಡ್ಡ ಕಾಯಿಲೆ, ದೊಡ್ಡ ಪೆಟ್ಟು ಎಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕುಂದಾಪುರದ ಕಡೆ ಒಯ್ಯುತ್ತಿದ್ದ ಆ್ಯಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಜಾರಿ ಬಿದ್ದು ನಾಲ್ವರು ಸತ್ತದ್ದು, ಆಗ ಜಿಲ್ಲೆಯಲ್ಲೆಲ್ಲ ಎದ್ದ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಕೂಗು, ಇನ್ನೂ ಇಲ್ಲಿಯವರ ನೆನಪಿನಲ್ಲಿದೆ.

ಇಂಥ ಕಡೆ ತಾಲ್ಲೂಕು ಆಸ್ಪತ್ರೆಯ ಕಿರಿಯ ವೈದ್ಯೆಯ ಮುಂದೆ ರಾತ್ರಿ ಎದೆನೋವೆಂದು ಬೆವರುತ್ತ ಒಬ್ಬರು ಬಂದು ಕೂತಾಗ ಅವಳು ಮಾಡಬೇಕಾದ್ದೇನು? ಇಸಿಜಿ ತೆಗೆಯಬೇಕು, ಆಸ್ಪಿರಿನ್ ಕೊಡಬೇಕು, ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಇಲ್ಲೇ ಕೊಡಬಹುದೋ ಇಲ್ಲವೋ ನೋಡಬೇಕು, ಎಲ್ಲಿಗೆ ಯಾವ ಗಳಿಗೆಯಲ್ಲಿ ಕಳಿಸಬೇಕೆಂದು ನಿರ್ಧರಿಸಬೇಕು. ‘ನನ್ನಿಂದಾಗುವುದು ಇಲ್ಲಿಯವರೆಗೆ’ ಎಂಬುದನ್ನು ಹತ್ತು ನಿಮಿಷದಲ್ಲಿ ಒಪ್ಪಿಕೊಳ್ಳುವವಳು ಜೀವ ಉಳಿಸುತ್ತಾಳೆ. ಎರಡು ತಾಸು ಕಳೆದು ಒಪ್ಪಿಕೊಂಡರೆ 90 ಕಿಲೋಮೀಟರು ಇನ್ನೂ ಉದ್ದವಾಗುತ್ತದೆ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನಿಂತಿರುವುದೂ ಈ ತತ್ವದ ಮೇಲೆ: ಹಲವು ತಾಲ್ಲೂಕು ಆಸ್ಪತ್ರೆಗಳ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡುತ್ತಾರೆ, ಮೊದಲ ಇಂಜೆಕ್ಷನ್ ಇಲ್ಲೇ ಬೀಳುತ್ತದೆ. ಕೇಳುವುದಕ್ಕೆ ಸಂಕೋಚಪಡದ ವೈದ್ಯರು ಇದ್ದಲ್ಲಿ ಮಾತ್ರ ಇಂಥ ಯೋಜನೆ ಕೆಲಸ ಮಾಡುತ್ತದೆ.

ಹೀಗೆ ನೋಡಿದರೆ ಟೈಮ್‌ಟೇಬಲ್ ಬರೆಯುವವಳು ಕಲಿಯುತ್ತಿರುವುದೂ ಅದೇ ವಿದ್ಯೆ. ಸಮಯ ಕಡಿಮೆ, ವಿಷಯ ಅಪಾರ. ಯಾವುದು ಮೊದಲು, ಯಾವುದು ಆಮೇಲೆ, ಯಾವುದು ನನ್ನ ಕೈಮೀರಿದ್ದು? ಆರು ತಿಂಗಳು ದಿನವೂ ಈ ತೀರ್ಮಾನ ಮಾಡುತ್ತ ಹೋಗುವುದೇ ಒಂದು ವೈದ್ಯಕೀಯ ತರಬೇತಿ, ತೀರ್ಮಾನ ಪ್ರಾಮಾಣಿಕವಾಗಿದ್ದರೆ. ಎರಡು ಸಂಗತಿಗಳಿಂದ ಇದು ಸುಲಭವಾಗಿ ಕೆಡುತ್ತದೆ. ಒಂದು, ಎಲ್ಲವನ್ನೂ ಓದುತ್ತೇನೆಂಬ ಹಮ್ಮು. ಅದು ಮೊದಲ ಎರಡು ತಿಂಗಳನ್ನು ಅನಾಟಮಿ, ಫಿಸಿಯಾಲಜಿಗೆ ಧಾರೆಯೆರೆದು ಓಬಿಜಿ ಬರುವ ಹೊತ್ತಿಗೆ ಬರಿಗೈಯಾಗುತ್ತದೆ. ಎರಡು, ಪಾಸಾಗುವಷ್ಟೇ ಸಾಕೆಂಬ ಲೆಕ್ಕಾಚಾರ. ಅದು ಐದಂಕದ ವಿಷಯಗಳನ್ನು ಒಟ್ಟಾಗಿ ಕಸದ ಬುಟ್ಟಿಗೆ ಹಾಕಿ ಮರೆತುಬಿಡುತ್ತದೆ.

ಮನೋರೋಗಕ್ಕೆ ಐದೇ ಪ್ರಶ್ನೆ. ಅಂಕದ ದೃಷ್ಟಿಯಿಂದ ಬಿಟ್ಟರೆ ನಷ್ಟವಿಲ್ಲ. ಆದರೆ ನಿದ್ದೆ ಬರುವುದಿಲ್ಲ, ಎದೆ ಡವಡವ ಎನ್ನುತ್ತದೆ, ಕೈಕಾಲು ಸೋಲುತ್ತದೆ ಎಂದು ಒಪಿಡಿಗೆ ಬರುವ ಹೆಂಗಸು ತನ್ನ ನೋವಿಗೆ ಎಷ್ಟಂಕ ಎಂದು ಕೇಳಿಕೊಂಡು ಬರುವುದಿಲ್ಲ. ಪಿಎಸ್‌ಎಂಗೆ ಮೂವತ್ತು ಪ್ರಶ್ನೆಯಿದ್ದರೂ ಅದನ್ನು ‘ಬೋರ್ ಸಬ್ಜೆಕ್ಟ್’ ಎಂದು ಕೊನೆಗಿಡುವವರೇ ಹೆಚ್ಚು. ಅದರಲ್ಲೇ ಬರುತ್ತದೆ ಕ್ಯಾಸನೂರು ಕಾಡಿನ ಕಾಯಿಲೆ, ನಮ್ಮ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕಾಡಿನಲ್ಲಿ ಮೊದಲು ಪತ್ತೆಯಾದದ್ದು, ಉಣುಗಿನಿಂದ ಹರಡುವುದು, ಚಳಿಗಾಲದಿಂದ ಮಳೆ ಬರುವ ತನಕ ಸಿದ್ದಾಪುರ, ಹೊನ್ನಾವರದ ಕಾಡಂಚಿನ ಜನ ಭಯಪಡುವುದು. ಎಲ್ಲೋ ಹಿಮ ಬೀಳುವ ಊರಿನಲ್ಲಿ ಆರು ವರ್ಷ ಕಲಿತು ಬಂದ ಜಾಲಿಯ ಹುಡುಗಿ, ಘಟ್ಟದ ಬುಡದ ಈ ಕಾಯಿಲೆಯನ್ನು ನಾಲ್ಕು ಆಯ್ಕೆಗಳಲ್ಲಿ ಒಂದಾಗಿ ಉರುಹೊಡೆಯುತ್ತಾಳೆ: ಹರಡುವ ಜೀವಿ ಯಾವುದು? ಉತ್ತರ ಒತ್ತಿದರೆ ಒಂದಂಕ. ಮಂಗ ಸತ್ತುಬಿದ್ದ ಕಾಡಿನಿಂದ ತರಗೆಲೆ ತಂದವನಿಗೆ ಜ್ವರ ಬಂದಾಗ ಅದೇ ಉತ್ತರಕ್ಕೆ ಬೇರೆಯೇ ತೂಕ.

ಹಾಗಾಗಿ ಟೈಮ್‌ಟೇಬಲಿನ ಪಕ್ಕದಲ್ಲೇ ಇನ್ನೊಂದು ಕಾಗದ ಇರಲಿ ಎನ್ನುವುದಷ್ಟೇ ನನ್ನ ಮಾತು: ಬಿಟ್ಟದ್ದರ ಪಟ್ಟಿ. ಈ ವಾರ ಸಮಯ ಸಾಲದೆ ಬಿಟ್ಟದ್ದು, ಎರಡು ಸಲ ಓದಿಯೂ ತಲೆಗೆ ಹತ್ತದ್ದು, ಮಾದರಿ ಪರೀಕ್ಷೆಯಲ್ಲಿ ಅಂದಾಜಿನಿಂದ ಒತ್ತಿದ ಉತ್ತರ ಅದೃಷ್ಟಕ್ಕೆ ಸರಿಯಾದದ್ದು, ಎಲ್ಲವೂ ಅದರಲ್ಲಿ ಬರಲಿ. ಮೂರನೆಯದನ್ನು ಬರೆಯುವುದು ಬಹಳ ಕಷ್ಟ, ಯಾಕೆಂದರೆ ಅಂಕಪಟ್ಟಿ ಅದನ್ನು ನಮ್ಮ ಪರವಾಗಿಯೇ ಎಣಿಸಿರುತ್ತದೆ. ಪಟ್ಟಿ ಉದ್ದವಾದಷ್ಟೂ ಎದೆ ಕುಸಿಯುತ್ತದೆ ಎಂದು ಹೆದರುವವರುಂಟು. ಅದರ ಹಿಂದೆ ಬರೆಯದೆ ಬಿಟ್ಟ ಪಟ್ಟಿ ಇನ್ನೂ ಉದ್ದವಿದೆಯೆಂದು ಅವರಿಗೂ ಗೊತ್ತು. ಕಾಗದದ ಮೇಲಿರುವ ಅಜ್ಞಾನಕ್ಕೆ ಒಂದು ಅಳತೆಯಾದರೂ ಸಿಗುತ್ತದೆ.

ಮನೆಯವರಿಗೂ ಇದರಲ್ಲಿ ಪಾಲಿದೆ. ‘ಇವತ್ತು ಎಷ್ಟು ತಾಸು ಓದಿದೆ?’ ಎಂದು ಕೇಳಿದರೆ ಮಕ್ಕಳು ತಾಸುಗಳ ಲೆಕ್ಕ ಒಪ್ಪಿಸುತ್ತಾರೆ, ಅದು ಸುಳ್ಳಾಗುವುದು ಸುಲಭ. ‘ಇವತ್ತು ಅರ್ಥವಾಗದ್ದು ಏನು?’ ಎಂದು ಕೇಳುವ ಅಪ್ಪ, ಅಬ್ಬಾ, ಅಮ್ಮ, ಅಣ್ಣ ಇರುವ ಮನೆಯಲ್ಲಿ ‘ಗೊತ್ತಿಲ್ಲ’ ಎಂಬುದು ಬೈಗುಳವಾಗಿ ಉಳಿಯುವುದಿಲ್ಲ. ಒಂದೇ ಸಲಕ್ಕೆ ಪಾಸಾಗದ ಮಗಳನ್ನು ಮದುವೆಮನೆಯಲ್ಲಿ ಅಡಗಿಸಿಡುವ ಮನೆಗಳಿಗಿಂತ ಅಂಥ ಮನೆಯಿಂದ ಒಳ್ಳೆಯ ವೈದ್ಯೆ ಬರುವ ಸಾಧ್ಯತೆ ಹೆಚ್ಚು ಎಂದು ನಾನು ನಂಬುತ್ತೇನೆ.

ಉಳಿದರ್ಧದ ಗತಿ ಏನು ಎಂಬ ಪ್ರಶ್ನೆಗೆ ಉತ್ತರವೂ ಈ ಪಟ್ಟಿಯಲ್ಲೇ ಇದೆ. ಪಾಸಾದ ಕೂಡಲೇ ಯಾರೂ ಪೂರ್ತಿ ವೈದ್ಯರಾಗುವುದಿಲ್ಲ. 2021ರ ನಿಯಮಗಳ ಪ್ರಕಾರ ಹೊರಗೆ ಓದಿ ಬಂದವರು ಇಲ್ಲಿ 12 ತಿಂಗಳು ಇಂಟರ್ನ್‌ಶಿಪ್ ಮಾಡಬೇಕು. ಅಲ್ಲಿಗೆ ಹೋಗುವಾಗ ಟೈಮ್‌ಟೇಬಲ್ ರದ್ದಿಗೆ ಹೋಗಲಿ, ಬಿಟ್ಟದ್ದರ ಪಟ್ಟಿ ಏಪ್ರನ್ನಿನ ಜೇಬಿನಲ್ಲಿರಲಿ. ವಾರ್ಡಿನಲ್ಲಿ ಒಂದೊಂದು ರೋಗಿಯ ಹತ್ತಿರ, ಹಿರಿಯ ನರ್ಸಿನ ಹತ್ತಿರ, ಡ್ಯೂಟಿ ಡಾಕ್ಟರ ಹತ್ತಿರ ಕೇಳಿ ಕೇಳಿ ಅದರ ಸಾಲುಗಳನ್ನು ಹೊಡೆದುಹಾಕಬಹುದು. ಕೆಲವು ಸಾಲು ಉಳಿಯುತ್ತವೆ, ಹೊಸವೂ ಸೇರುತ್ತವೆ. ಚಿಕಿತ್ಸೆ ಕೊಡುವ ಹಕ್ಕನ್ನು ಮೆಡಿಕಲ್ ಕೌನ್ಸಿಲ್ ಒಂದು ನೋಂದಣಿ ನಂಬರಿನ ರೂಪದಲ್ಲಿ ಕೊಟ್ಟುಬಿಡುತ್ತದೆ. ಎಲ್ಲಿ ಕೈ ನಿಲ್ಲಿಸಬೇಕು, ಯಾರಿಗೆ ಫೋನ್ ಮಾಡಬೇಕು ಎಂಬ ತಿಳಿವಳಿಕೆಯನ್ನು ಯಾವ ಕೌನ್ಸಿಲೂ ಕೊಡಲಾರದು. ಅದನ್ನು ವೈದ್ಯರು ತಾವೇ ಬರೆದಿಟ್ಟುಕೊಂಡು, ತಾವೇ ತಿದ್ದಿಕೊಳ್ಳುತ್ತ ಹೋಗಬೇಕು.